ಮಿಸ್, ಈ ಹಾಡಿನಲ್ಲಿ ನಾವು ಯಾವ ಕಡೆ?

ಹತ್ತನೇ ಕ್ಲಾಸಿನ ಹುಡುಗನೊಬ್ಬ ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಬಳಿ ಬಂದ. ಕಿವಿಯಿಂದ ಇಯರ್‌ಫೋನ್ ತೆಗೆದು, "ಮಿಸ್, ಈ ಹಾಡಿನಲ್ಲಿ ನಾವು ಯಾವ ಕಡೆ?" ಅಂತ ಕೇಳಿದ. ಶಾಲೆಗೆ ಮೊಬೈಲ್ ತಂದದ್ದಕ್ಕೆ ನಾನು ಬೈಯಬೇಕಿತ್ತು. ಪ್ರಶ್ನೆ ಎಷ್ಟು ವಿಚಿತ್ರವಾಗಿತ್ತು ಅಂದರೆ ಬೈಯೋದನ್ನೇ ಮರೆತೆ. ಇಯರ್‌ಫೋನಿನ ಒಂದು ತುದಿಯನ್ನು ನನಗೆ ಕೊಟ್ಟ, ಇನ್ನೊಂದನ್ನು ತಾನೇ ಇಟ್ಟುಕೊಂಡ. ಹಾಡು ಸ್ವೀಡನ್ ದೇಶದ ‘ಸಬಾಟನ್’ ಎಂಬ ಹೆವಿ ಮೆಟಲ್ ತಂಡದ್ದು. ಲಾರೆನ್ಸ್ ಆಫ್ ಅರೇಬಿಯಾ ಎಂದು ಹೆಸರಾದ ಬ್ರಿಟಿಷ್ ಅಧಿಕಾರಿಯ ಕುರಿತದ್ದು. ಒಂದು ಕಡೆ ಬ್ರಿಟಿಷರು ಮತ್ತು ಅರಬರು, ಇನ್ನೊಂದು ಕಡೆ ತುರ್ಕರು. ಹುಡುಗನಿಗೆ ಹಾಡು ಬಹಳ ಇಷ್ಟ. ಆದರೆ ಯಾರು ಗೆದ್ದರೆ ತಾನು ಖುಷಿಪಡಬೇಕು ಅನ್ನೋದೇ ಅವನಿಗೆ ಗೊತ್ತಾಗಿರಲಿಲ್ಲ.

ನಾನು ಕಲಿಸುವುದು ಮುಂಬ್ರಾ ಕಡೆ, ಮನೆ ಕಲ್ಯಾಣದಲ್ಲಿ, ಹುಟ್ಟೂರು ವಿಜಯಪುರ ಜಿಲ್ಲೆ. ಮನೆಮಾತು ಉರ್ದು, ಓದಿದ್ದು ಕನ್ನಡ. ಮೆಟಲ್ ಸಂಗೀತದ ಜ್ಞಾನ ನನಗೆ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಆ ಹಾಡು ಇರುವ ಇಡೀ ಆಲ್ಬಂ ಕೇಳಿದೆ. ಆಮೇಲೆ ಪರಿಚಯದವರಿಗೂ ಕೇಳಿಸಿ ಅವರ ಅಭಿಪ್ರಾಯ ಕೇಳಿದೆ. ಸಂಗೀತ ಹರಾಮೋ ಹಲಾಲೋ ಎಂಬ ಚರ್ಚೆಗೆ ನಾನು ಇಲ್ಲಿ ಕೈ ಹಾಕೋದಿಲ್ಲ, ಅದಕ್ಕೆ ತಿಳಿದವರು ಬೇರೆ ಇದ್ದಾರೆ. ನಮ್ಮ ಮಕ್ಕಳು ಇದನ್ನು ಕೇಳ್ತಾ ಇದ್ದಾರೆ, ಇದರಿಂದಲೇ ಇತಿಹಾಸ ಕಲೀತಾ ಇದ್ದಾರೆ. ನನಗೆ ಮುಖ್ಯವಾದದ್ದು ಆ ಸಂಗತಿ.

ಮೆಟಲ್ ಕೇಳದವರಿಗಾಗಿ ಎರಡು ಮಾತು. ಕರ್ಕಶವಾಗಿ ಗುಡುಗುವ ಗಿಟಾರು, ಎರಡೂ ಕಾಲಿನಿಂದ ಬಾರಿಸುವ ಡ್ರಮ್ಮು, ಎಲ್ಲರೂ ಕೂಡಿ ಹಾಡುವಂಥ ಪಲ್ಲವಿ ಸೇರಿದರೆ ಈ ಬಗೆಯ ಹಾಡು ಆಗುತ್ತದೆ. ಸಬಾಟನ್ 1999ರಲ್ಲಿ ಫಾಲುನ್ ಎಂಬ ಊರಿನಲ್ಲಿ ಶುರುವಾದ ತಂಡ. ಸಬಾಟನ್ ಎಂದರೆ ಹಿಂದಿನ ಕಾಲದ ಯೋಧರು ಪಾದಕ್ಕೆ ತೊಡುತ್ತಿದ್ದ ಲೋಹದ ಕವಚ. ಇವರ ಹಾಡುಗಳೆಲ್ಲ ಬಹುಮಟ್ಟಿಗೆ ಯುದ್ಧದ ಇತಿಹಾಸವೇ. ವೇದಿಕೆಯ ಮೇಲೆ ಡ್ರಮ್ ಇಡುವ ಕಟ್ಟೆ ಕೂಡ ಟ್ಯಾಂಕಿನ ಆಕಾರದ್ದು. 2019ರ ಜುಲೈನಲ್ಲಿ ಬಂದ ‘ದಿ ಗ್ರೇಟ್ ವಾರ್’ ಆಲ್ಬಂ ಪೂರ್ತಿಯಾಗಿ ಮೊದಲನೇ ಮಹಾಯುದ್ಧದ ಬಗ್ಗೆ. ಹನ್ನೊಂದು ಹಾಡು, ಒಟ್ಟು ನಲವತ್ತು ನಿಮಿಷವೂ ಇಲ್ಲ. ಕಲ್ಯಾಣದಿಂದ ಸ್ಲೋ ಲೋಕಲ್ ಹತ್ತಿದರೆ ಥಾಣೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಗಿಯುತ್ತದೆ.

ಕೇಳಿದವರು ಹೇಳಿದ್ದನ್ನು ಮೊದಲು ನಿಮ್ಮ ಮುಂದೆ ಇಡ್ತೀನಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನವಿ ಮುಂಬಯಿಯ ಐರೋಲಿಯಲ್ಲಿ ಕೆಲಸ ಮಾಡ್ತಾನೆ. ಅವನು ಈ ತಂಡದ ಕಟ್ಟಾ ಅಭಿಮಾನಿ. "ಮಿಸ್, ನೀವು ಬೇಜಾರು ಮಾಡ್ಕೋಬೇಡಿ, ಆದರೆ ವೆರ್ಡನ್ ಎಲ್ಲಿದೆ ಅಂತ ನಾನು ಮ್ಯಾಪ್ ತೆಗೆದು ನೋಡಿದ್ದು ಈ ಹಾಡು ಕೇಳಿದ ಮೇಲೇನೇ" ಅಂದ. ನನಗೆ ಬೇಜಾರಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಅವನು ಹೇಳಿದ್ದು ನಿಜ. ನಮ್ಮ ಪಠ್ಯದಲ್ಲಿ ಮೊದಲನೇ ಮಹಾಯುದ್ಧ ಅಂದರೆ ಕಾರಣಗಳು ಐದು, ಪರಿಣಾಮಗಳು ಆರು. ನಡುವೆ ಸತ್ತವರು ಎಲ್ಲೂ ಕಾಣಿಸೋದಿಲ್ಲ. 1916ರ ಫೆಬ್ರವರಿಯಿಂದ ಡಿಸೆಂಬರ್ ತನಕ ವೆರ್ಡನ್‌ನಲ್ಲಿ ನಡೆದ ಒಂದೇ ಕಾಳಗದಲ್ಲಿ ಎರಡೂ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 7 ಲಕ್ಷ. ಈ ಸಂಖ್ಯೆಯನ್ನು ನಾನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ತಾರೆ, ಅಷ್ಟೇ. ‘ಫೀಲ್ಡ್ಸ್ ಆಫ್ ವೆರ್ಡನ್’ ಕೇಳಿದ ಹುಡುಗ ಮ್ಯಾಪ್ ತೆಗೀತಾನೆ. ತಂಡದವರು ಅದೇ 2019ರಲ್ಲಿ ಒಬ್ಬ ಇತಿಹಾಸ ನಿರೂಪಕನ ಜೊತೆ ಸೇರಿ ಪ್ರತಿ ಹಾಡಿನ ಹಿಂದಿನ ಘಟನೆ ವಿವರಿಸುವ ಯೂಟ್ಯೂಬ್ ಸರಣಿ ಶುರುಮಾಡಿದರು. ಇದು ಮೇಷ್ಟ್ರ ಕೆಲಸ, ಅವರು ನಮಗಿಂತ ಚೆನ್ನಾಗಿ ಮಾಡಿದ್ದಾರೆ ಅಂತ ಒಪ್ಪಿಕೊಳ್ಳೋಣ.

ಎರಡನೆಯವರು ಡೊಂಬಿವಲಿಯ ಒಂದು ಕಟ್ಟಡದ ವಾಚ್‌ಮನ್ ಕಾಕಾ. ಬೆಳಗಾವಿ ಕಡೆಯವರು, ಸೈನ್ಯದಲ್ಲಿ ಇದ್ದು ನಿವೃತ್ತರಾದವರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ, ಅದಕ್ಕೇ ಒಂದೆರಡು ಹಾಡಿನ ಅರ್ಥ ಹೇಳಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. "ಭಾರೀ ಜೋರ್ ಐತ್ರಿ ಅಕ್ಕಾರ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಇದ್ರಾಗ ಕಾಯೂದು ಇಲ್ಲ. ಫೌಜಿನಾಗ ಹೆಚ್ಚಿಂದು ಕಾಯೂದ ಇರ್ತದ. ಪತ್ರ ಬರಲಿ ಅಂತ ಕಾಯೂದು, ರಜಾ ಸಿಗಲಿ ಅಂತ ಕಾಯೂದು" ಅಂದರು. ಈ ಆಲ್ಬಂ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು. ಹನ್ನೊಂದು ಹಾಡಿನಲ್ಲಿ ಹೆಚ್ಚಿನವು ನೇರವಾಗಿ ದಾಳಿಯ ಕ್ಷಣಕ್ಕೇ ಹಾರುತ್ತವೆ. ಕಂದಕದ ಕೆಸರಿನಲ್ಲಿ ತಿಂಗಳುಗಟ್ಟಲೆ ಕೂತವರ ಯುದ್ಧ ಅದು. ಹಾಡಿಗೆ ಮಾತ್ರ ಕೂರಲು ಪುರುಸೊತ್ತಿಲ್ಲ.

ಮೂರನೆಯವಳು ಕಲ್ಯಾಣದಲ್ಲಿ ಕಾಲೇಜು ಓದುವ ಹುಡುಗಿ. ಮೊದಲು ಈ ತಂಡವನ್ನು ಇಷ್ಟಪಟ್ಟು ಕೇಳುತ್ತಿದ್ದಳು, ಈಗ ಬಿಟ್ಟಿದ್ದಾಳೆ. ಯಾಕೆ ಅಂತ ಕೇಳಿದರೆ ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಒಂದು ರಾತ್ರಿ ಅವರ ಗಲ್ಲಿಯ ಬಾಯಲ್ಲಿ ಒಂದು ಮೆರವಣಿಗೆ ನಿಂತಿತಂತೆ. ಡಿಜೆಯಲ್ಲಿ ಕತ್ತಿ, ಯುದ್ಧ, ಗೆಲುವಿನ ಹಾಡುಗಳು. ಮುಂದೆ ಹೋಗಲೇ ಇಲ್ಲ, ಮುಕ್ಕಾಲು ಗಂಟೆ. "ಯಾರೂ ಏನೂ ಮಾಡಲಿಲ್ಲ ಮಿಸ್, ಬರೀ ಹಾಡಿದ್ರು. ಆದರೆ ಆ ಹಾಡಿನಲ್ಲಿ ಸೋತವರು ನಾವೇ ಅಂತ ಎಲ್ಲರಿಗೂ ಗೊತ್ತಿತ್ತು." ಆಮೇಲೆ ಯಾವ ಯುದ್ಧದ ಹಾಡು ಹಾಕಿದರೂ, ಅದು ಸ್ವೀಡನ್ನಿನದೇ ಆಗಿರಲಿ, ಡ್ರಮ್ ಬಿದ್ದ ಕೂಡಲೇ ಅವಳ ಹೊಟ್ಟೆ ಹಿಂಡುತ್ತದಂತೆ.

ಆ ದಿನ ನನಗೆ ಹತ್ತನೇ ಕ್ಲಾಸಿನ ಹುಡುಗನ ಪ್ರಶ್ನೆ ಅರ್ಥ ಆಯಿತು. ನಮ್ಮ ಮಕ್ಕಳು ಇತಿಹಾಸದ ಹಾಡು ಕೇಳುವಾಗ ‘ನಾವು ಯಾವ ಕಡೆ’ ಅಂತ ಮೊದಲೇ ವಿಚಾರಿಸಿಕೊಳ್ಳೋದು ಸುಮ್ಮನೆ ಅಲ್ಲ. ಆ ಪ್ರಶ್ನೆಯನ್ನು ಬೇರೆಯವರು ಅವರಿಗೆ ದಿನಾ ಕೇಳ್ತಾರೆ.

ಈಗ ಆಲ್ಬಮ್ಮಿಗೆ ಬರೋಣ. ಅಲ್ಲಿರುವ ಹಾಡುಗಳ ವಸ್ತು ನೋಡಿ. 1916ರಲ್ಲಿ ಮೊದಲ ಬಾರಿಗೆ ರಣರಂಗಕ್ಕೆ ಬಂದ ಟ್ಯಾಂಕು. ‘ರೆಡ್ ಬ್ಯಾರನ್’ ಎಂದು ಹೆಸರಾದ ಜರ್ಮನ್ ವಿಮಾನಿ ರಿಚ್‌ತೋಫೆನ್. 132 ಜನರನ್ನು ಸೆರೆ ಹಿಡಿದು ತಂದ ತುಕಡಿಯ ಅಮೆರಿಕನ್ ಸಿಪಾಯಿ ಆಲ್ವಿನ್ ಯಾರ್ಕ್. ಕೆನಡಾದ ಮೂಲನಿವಾಸಿ ಗುರಿಕಾರ ಪೆಗಾಮಗಾಬೊ. ‘ದಿ ಅಟ್ಯಾಕ್ ಆಫ್ ದಿ ಡೆಡ್ ಮೆನ್’ ಎಂಬ ಹಾಡು 1915ರ ಆಗಸ್ಟ್ 6ರಂದು ಓಸೊವಿಯೆಟ್ಸ್ ಕೋಟೆಯಲ್ಲಿ ನಡೆದದ್ದನ್ನು ಹೇಳುತ್ತದೆ. ಜರ್ಮನರು ವಿಷಾನಿಲ ಬಿಟ್ಟರು, ಎಲ್ಲರೂ ಸತ್ತರು ಅಂತ ಒಳಗೆ ನುಗ್ಗಿದರು. ಆಗ ಸುಟ್ಟ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಕೆಮ್ಮುತ್ತಾ ರಕ್ತ ಉಗುಳುತ್ತಾ ರಷ್ಯನ್ ಸಿಪಾಯಿಗಳು ಎದ್ದು ಬಂದರು. ಸಂಗೀತದ ದೃಷ್ಟಿಯಿಂದ ಆಲ್ಬಮ್ಮಿನ ಒಳ್ಳೆಯ ಹಾಡುಗಳಲ್ಲಿ ಇದೂ ಒಂದು. ಭಯ ಅದರ ತಾಳದಲ್ಲೇ ಇದೆ.

ಆದರೆ ಎಲ್ಲ ಕಡೆ ಹೀಗಿಲ್ಲ. ಆಲ್ವಿನ್ ಯಾರ್ಕ್ ಕುರಿತ ಹಾಡು ಶಾಲೆಯ ಕ್ರೀಡಾದಿನದ ಹಾಡಿನಂತೆ ಕುಣಿಯುತ್ತದೆ. ಕೇಳುಗರಲ್ಲಿ ಹಲವರ ದೂರು ಇದೇ: ಎಲ್ಲ ಹಾಡಿಗೂ ಒಂದೇ ಅಚ್ಚು, ಸಾವಿಗೂ ಗೆಲುವಿಗೂ ಒಂದೇ ಬಗೆಯ ಪಲ್ಲವಿ. ಅಭಿಮಾನಿಗಳು ಇದಕ್ಕೆ ಉತ್ತರ ಇಟ್ಟುಕೊಂಡಿದ್ದಾರೆ. ಮೆಟಲ್ ಅಂದರೆ ಶಕ್ತಿಯ ಸಂಗೀತ, ಶೋಕ ಬೇಕಿದ್ದರೆ ಬೇರೆ ಕಡೆ ಹೋಗಿ ಅಂತಾರೆ. ಈ ವಾದದಲ್ಲಿ ನನಗೆ ನಂಬಿಕೆ ಇಲ್ಲ. ಯಾಕೆ ಅಂತ ಹೇಳಲು ನಾನು ನಮ್ಮ ಮನೆಯೊಳಗಿನ ಒಂದು ಕಾವ್ಯಪ್ರಕಾರಕ್ಕೆ ಹೋಗಬೇಕು.

ಉರ್ದು ಓದಿದವರಿಗೆ ಮರ್ಸಿಯಾ ಗೊತ್ತು. ಮೀರ್ ಅನೀಸ್, ಮಿರ್ಜಾ ದಬೀರ್ ಲಕ್ನೋದಲ್ಲಿ ಅದನ್ನು ಶಿಖರಕ್ಕೆ ಏರಿಸಿದರು. ಕರ್ಬಲಾದ ಯುದ್ಧವೇ ಅದರ ವಸ್ತು. ಬಿ.ಎಡ್. ಮುಗಿಸಿ ಉರ್ದು ಕಲಿಸಲು ನಿಂತಾಗ ನಾನು ಅದರ ಭಾಗಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ: ಚೆಹ್ರಾ, ಸರಾಪಾ, ರುಖ್ಸತ್, ಆಮದ್, ರಜಜ್, ಜಂಗ್, ಶಹಾದತ್, ಬೈನ್. ಅಂದರೆ ಪೀಠಿಕೆ, ವೀರನ ರೂಪವರ್ಣನೆ, ಮನೆಯವರಿಂದ ಬೀಳ್ಕೊಡುಗೆ, ರಣಕ್ಕೆ ಆಗಮನ, ವೀರೋಕ್ತಿ, ಕಾಳಗ, ಬಲಿದಾನ, ಕೊನೆಗೆ ವಿಲಾಪ. ಕುದುರೆಯ ಓಟ, ಕತ್ತಿಯ ಮಿಂಚು ಅನೀಸರಲ್ಲಿ ಎಷ್ಟು ಬೇಕೋ ಅಷ್ಟಿದೆ. ಮೆಟಲ್‌ಗೆ ಏನೂ ಕಡಿಮೆ ಇಲ್ಲ. ಆದರೆ ಕಾಳಗಕ್ಕೆ ಮೊದಲು ಡೇರೆಯ ಬಾಗಿಲಲ್ಲಿ ತಂಗಿ ನಿಂತಿರುತ್ತಾಳೆ. ಕಾಳಗ ಮುಗಿದ ಮೇಲೆ ತಾಯಿ ಅಳುತ್ತಾಳೆ. ಶೌರ್ಯ ಇದ್ದರೂ ಕೇಳಿದವನು ಮುಷ್ಟಿ ಎತ್ತೋದಿಲ್ಲ, ಎದೆಗೆ ಕೈ ಇಡುತ್ತಾನೆ. ನಮ್ಮ ಉತ್ತರ ಕರ್ನಾಟಕದ ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳಲ್ಲೂ ಇದೇ ಕ್ರಮ. ಹಳ್ಳಿಯಲ್ಲಿ ಅದನ್ನು ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ನೀರು ಸಿಗದ ಕೂಸಿನ ಪದ ಬಂದಾಗ ಅಲ್ಲಿ ಯಾರೂ ‘ನಾವು ಯಾವ ಕಡೆ’ ಅಂತ ಕೇಳಿದ್ದನ್ನು ನಾನು ನೋಡಿಲ್ಲ.

ಈ ಅಳತೆಗೋಲು ಹಿಡಿದು ‘ದಿ ಗ್ರೇಟ್ ವಾರ್’ ಕೇಳಿ ನೋಡಿ. ಆಮದ್ ಇದೆ, ರಜಜ್ ಇದೆ, ಜಂಗ್ ಬೇಕಾದಷ್ಟಿದೆ. ರುಖ್ಸತ್ ಇಲ್ಲ. ವಾಚ್‌ಮನ್ ಕಾಕಾ ಹುಡುಕಿದ್ದು ಅದನ್ನೇ. ಬೈನ್ ಇದೆಯೇ ಅಂದರೆ ಸ್ವಲ್ಪ ಇದೆ, ಅದು ತಂಡದ ಪರವಾಗಿ ಹೇಳಲೇಬೇಕಾದ ಮಾತು. ಆಲ್ಬಮ್ಮಿನ ಹೆಸರನ್ನೇ ಹೊತ್ತ ಹಾಡಿನಲ್ಲಿ ಹೆಸರಿಲ್ಲದ ಒಬ್ಬ ಸಿಪಾಯಿ ಇದ್ದಾನೆ. ‘ಮಹಾ’ ಯುದ್ಧ ಅಂತ ಹೇಳಿ ಕರೆತಂದಿರಲ್ಲ, ಆ ಮಹತ್ತು ಎಲ್ಲಿದೆ ಅಂತ ಕೇಳ್ತಾನೆ. ಕೊನೆಯ ಹಾಡಿನಲ್ಲಿ ಗಿಟಾರು ಡ್ರಮ್ಮು ಎರಡೂ ನಿಂತು ಹೋಗುತ್ತವೆ. ಕೆನಡಾದ ಸೇನಾವೈದ್ಯ ಜಾನ್ ಮೆಕ್ರೇ 1915ರಲ್ಲಿ ಬರೆದ ‘ಇನ್ ಫ್ಲಾಂಡರ್ಸ್ ಫೀಲ್ಡ್ಸ್’ ಕವಿತೆಯನ್ನು ಗಾಯಕವೃಂದ ವಾದ್ಯವಿಲ್ಲದೆ ಹಾಡುತ್ತದೆ. ಐರೋಲಿಯ ನನ್ನ ಶಿಷ್ಯ ಆ ಹಾಡನ್ನು ಸ್ಕಿಪ್ ಮಾಡ್ತಾನಂತೆ, ‘ಅದು ಮೆಟಲ್ ಅಲ್ಲ’ ಅಂತ. ಅದನ್ನು ಬಿಟ್ಟರೆ ಉಳಿದ ಹತ್ತು ಹಾಡಿನ ಅರ್ಥವೇ ಬದಲಾಗುತ್ತದೆ ಅಂತ ಅವನಿಗೆ ಹೇಳಿದೆ. ನಕ್ಕು ಸುಮ್ಮನಾದ.

ಈಗ ಲಾರೆನ್ಸ್ ಹಾಡು. ಹೆಸರು ‘ಸೆವೆನ್ ಪಿಲ್ಲರ್ಸ್ ಆಫ್ ವಿಸ್ಡಮ್’, ಅದು ಲಾರೆನ್ಸ್ ತಾನೇ ಬರೆದ ಪುಸ್ತಕದ ಹೆಸರು. ರಾಗ ಚೆನ್ನಾಗಿದೆ, ಬೇಗ ಬಾಯಿಗೆ ಬರುತ್ತದೆ. ಆದರೆ ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಉಳಿಯುವ ಮನುಷ್ಯನ ಹೆಸರು ಒಂದೇ. 1917ರ ಜುಲೈ 6ರಂದು ಅಕಬಾ ಬಂದರನ್ನು ಹಿಡಿದಾಗ ಲಾರೆನ್ಸ್ ಜೊತೆ ಹೊವೈತಾತ್ ಬುಡಕಟ್ಟಿನ ಔದಾ ಅಬು ತಾಯಿ ಇದ್ದ, ಅವನ ಸವಾರರು ಇದ್ದರು. ಮರುಭೂಮಿ ಅವರದ್ದು, ದಾರಿ ಅವರಿಗೆ ಗೊತ್ತಿತ್ತು. ಅರಬರಿಗೆ ಸ್ವಾತಂತ್ರ್ಯದ ಆಸೆ ತೋರಿಸುತ್ತಲೇ ಬ್ರಿಟನ್ ಮತ್ತು ಫ್ರಾನ್ಸ್ 1916ರಲ್ಲಿ ಸೈಕ್ಸ್-ಪಿಕೊ ಒಪ್ಪಂದ ಮಾಡಿಕೊಂಡು ಅದೇ ನೆಲವನ್ನು ಗುಟ್ಟಾಗಿ ಹಂಚಿಕೊಂಡಿದ್ದವು. ಈ ವಂಚನೆಯ ಭಾರ ಹೊರಲು ಹಾಡಿನ ಹುರುಪಿಗೆ ಆಗುವುದಿಲ್ಲ.

ಹುಡುಗನಿಗೆ ನಾನು ಹೇಳಿದ್ದು ಬೇರೆ ಮೂರು ಸಂಗತಿ.

ಒಂದು, ರೈಲು. ಲಾರೆನ್ಸ್ ಮತ್ತು ಅವನ ಸಂಗಡಿಗರು ಮದ್ದಿಟ್ಟು ಹಾರಿಸುತ್ತಿದ್ದದ್ದು ಹಿಜಾಜ್ ರೈಲುಮಾರ್ಗವನ್ನು. ಡಮಾಸ್ಕಸ್‌ನಿಂದ ಮದೀನಾಕ್ಕೆ ಸುಮಾರು 1,300 ಕಿಲೋಮೀಟರ್. 1900ರಲ್ಲಿ ಶುರುವಾಗಿ 1908ರಲ್ಲಿ ಮದೀನಾ ತಲುಪಿತು. ಸುಲ್ತಾನನಿಗೆ ಸೈನ್ಯ ಸಾಗಿಸುವ ಉದ್ದೇಶವೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಜನರಿಗೆ ಅದು ಹಜ್ ಯಾತ್ರಿಕರ ರೈಲು. ಅದಕ್ಕಾಗಿ ಲೋಕದ ಮುಸ್ಲಿಮರು ಚಂದಾ ಕೊಟ್ಟರು, ಹಿಂದೂಸ್ತಾನದವರೂ ಕೊಟ್ಟರು. ಅಂದರೆ ಹಾಡಿನಲ್ಲಿ ಸಾಹಸವಾಗಿ ಕೇಳಿಸುವ ಆ ಸ್ಫೋಟ ನಮ್ಮ ಅಜ್ಜಂದಿರ ಕಾಸಿನ ಮೇಲೂ ಆದದ್ದು. ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಈ ಹಾಡು ಕೇಳುವ ಹುಡುಗನಿಗೆ ಇದು ಗೊತ್ತಿರಬೇಕು.

ಎರಡು, ಕುದುರೆ. ಅದೇ ರಣರಂಗದಲ್ಲಿ ತುರ್ಕರ ವಿರುದ್ಧ ಬ್ರಿಟಿಷರ ಪರವಾಗಿ ಹೋರಾಡಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಮೆಷಿನ್‌ಗನ್‌ಗಳ ಎದುರು ಕುದುರೆ ಓಡಿಸಿ ಹೈಫಾ ಪಟ್ಟಣ ಗೆದ್ದರು. ದೆಹಲಿಯ ತೀನ್ ಮೂರ್ತಿ ನಿಂತಿರುವುದು ಮೈಸೂರು, ಜೋಧಪುರ, ಹೈದರಾಬಾದ್ ದಳಗಳ ನೆನಪಿಗೆ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಯುದ್ಧ ಮುಗಿದ ಮರುವರ್ಷವೇ, 1919ರಲ್ಲಿ, ಮುಂಬಯಿಯಲ್ಲಿ ಖಿಲಾಫತ್ ಚಳವಳಿ ಎದ್ದಿತು. ಸೋತ ತುರ್ಕಿಯ ಖಲೀಫನನ್ನು ಉಳಿಸಿ ಎಂಬ ಆ ಚಳವಳಿಗೆ ಗಾಂಧೀಜಿಯೂ ಜೊತೆಗೂಡಿದರು. ಭಾಯ್‌ಖಳಾದ ಖಿಲಾಫತ್ ಹೌಸ್ ಇಂದಿಗೂ ಇದೆ. ಹೈಫಾದಲ್ಲಿ ಗೆದ್ದ ಸವಾರನೂ ನಮ್ಮವನು, ಭಾಯ್‌ಖಳಾದಲ್ಲಿ ಅತ್ತವನೂ ನಮ್ಮವನು. ಇಬ್ಬರನ್ನೂ ಒಂದೇ ಪಲ್ಲವಿಗೆ ಕೂರಿಸಲು ಬರೋದಿಲ್ಲ.

ಮೂರು, ಹಡಗು. ಆ ಯುದ್ಧಕ್ಕೆ ಸಿಪಾಯಿ, ಕುದುರೆ, ಮದ್ದುಗುಂಡು ಎಲ್ಲ ಹೋಗಿದ್ದು ಸಮುದ್ರದ ಮೇಲೆ. ಹಡಗಿನ ತಳದಲ್ಲಿ ನಿಂತು ಬಾಯ್ಲರಿಗೆ ಕಲ್ಲಿದ್ದಲು ಸುರಿದವರು ಖಲಾಸಿಗಳು. ಅವರಲ್ಲಿ ಕೊಂಕಣದ, ಬಂಗಾಳದ ಮುಸ್ಲಿಮರು ಬಹಳ. ಮುಂಬಯಿಯ ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿ 1914-1918ರ ಸ್ಮಾರಕವಿದೆ. ಕಡಲನ್ನು ಬಿಟ್ಟರೆ ಬೇರೆ ಗೋರಿಯೇ ಇಲ್ಲದ 2,000ಕ್ಕೂ ಹೆಚ್ಚು ನಾವಿಕರ ನೆನಪಿಗೆ ಅದು. ಸಿ.ಎಸ್.ಎಂ.ಟಿ.ಗೆ ಹೋಗುವಾಗ ಕೊನೆಗೆ ಸಿಗುವ ಮಸ್ಜಿದ್ ಸ್ಟೇಷನ್ನಿನ ಹತ್ತಿರವೇ. ನಾನು ವರ್ಷಗಟ್ಟಲೆ ಆ ಸ್ಟೇಷನ್ ದಾಟಿದ್ದೇನೆ, ಒಂದು ದಿನವೂ ಇಳಿದಿರಲಿಲ್ಲ.

ಹಾಗಾದರೆ ನಮ್ಮವರ ಮೇಲೂ ಒಂದು ಹಾಡು ಬೇಕು ಅಂತ ಅನಿಸಬಹುದು. ವಿದ್ಯಾರ್ಥಿಗಳೂ ಹಾಗೇ ಅಂದರು. ಖುದಾದಾದ್ ಖಾನ್ ಕಥೆ ಹೇಳಿದಾಗಲಂತೂ ಕುಣಿದರು. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕೆಯಲ್ಲಿ ಜೊತೆಗಾರರೆಲ್ಲ ಸತ್ತರೂ ಒಬ್ಬನೇ ಮೆಷಿನ್‌ಗನ್ ಹಿಡಿದು ನಿಂತ, ಸತ್ತನೆಂದು ವೈರಿಗಳು ಬಿಟ್ಟು ಹೋದ ಮೇಲೆ ತೆವಳಿಕೊಂಡು ಬಂದ ಸಿಪಾಯಿ ಅವನು. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಹಿಂದೂಸ್ತಾನಿ ಸಿಪಾಯಿ. ಸಬಾಟನ್ ಹಾಡಿಗೆ ಇದಕ್ಕಿಂತ ಒಳ್ಳೆ ವಸ್ತು ಸಿಗಲಿಕ್ಕಿಲ್ಲ. ಸುಮಾರು 74,000 ಹಿಂದೂಸ್ತಾನಿ ಸಿಪಾಯಿಗಳು ಆ ಯುದ್ಧದಲ್ಲಿ ಸತ್ತರೂ ಈ ಆಲ್ಬಮ್ಮಿನ ಒಂದು ಹಾಡೂ ಅವರ ಮೇಲಿಲ್ಲ ಎನ್ನುವ ದೂರು ನನ್ನದೂ ಹೌದು.

ಆದರೂ ನನಗೆ ಪೂರ್ತಿ ಸಮಾಧಾನ ಆಗಲಿಲ್ಲ. ಖುದಾದಾದ್ ಖಾನನ ಹಾಡು ಬಂದರೆ ನಮ್ಮ ಹುಡುಗರೂ ಮುಷ್ಟಿ ಎತ್ತುತ್ತಾರೆ, ಅಷ್ಟೇ. ಮೆರವಣಿಗೆಯ ಡಿಜೆಗೆ ಎದುರಾಗಿ ನಮ್ಮದೊಂದು ಡಿಜೆ ಸಿಕ್ಕ ಹಾಗೆ. ಕಲ್ಯಾಣದ ಆ ಹುಡುಗಿಯ ಹೊಟ್ಟೆನೋವಿಗೆ ಅದು ಔಷಧ ಅಲ್ಲ. ಯಾಕೆಂದರೆ ಆಗ ಬೇರೆ ಯಾವುದೋ ಗಲ್ಲಿಯಲ್ಲಿ ಬೇರೊಂದು ಹುಡುಗಿಯ ಹೊಟ್ಟೆ ಹಿಂಡುತ್ತದೆ. ಕೊರತೆ ಇರುವುದು ವೀರರ ಪಟ್ಟಿಯಲ್ಲಿ ಮಾತ್ರ ಅಲ್ಲ, ಹಾಡು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲೂ ಇದೆ.

ಉಲ್ಲಾಸನಗರದ ನನ್ನ ಸಹೋದ್ಯೋಗಿ, ಸಿಂಧಿ, ಇದನ್ನು ತಮ್ಮದೇ ರೀತಿಯಲ್ಲಿ ಹೇಳಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ಕಲ್ಯಾಣ ಕ್ಯಾಂಪ್, ಸೈನಿಕರ ತಂಗುದಾಣ. ವಿಭಜನೆಯ ನಂತರ ಸಿಂಧ್‌ನಿಂದ ಬಂದ ನಿರಾಶ್ರಿತರನ್ನು ಆ ಬ್ಯಾರಕ್ಕುಗಳಲ್ಲೇ ಇಳಿಸಿದರು. 1949ರಲ್ಲಿ ಉಲ್ಲಾಸನಗರ ಅಂತ ಹೆಸರಾಯಿತು. ಇವತ್ತಿಗೂ ಜನ ಕ್ಯಾಂಪ್ ಒಂದು, ಕ್ಯಾಂಪ್ ನಾಲ್ಕು ಅಂತಲೇ ವಿಳಾಸ ಹೇಳ್ತಾರೆ. "ನಮ್ಮಜ್ಜಿ ಬ್ಯಾರಕ್ಕಿನಲ್ಲಿ ಸೀರೆ ಕಟ್ಟಿ ಮನೆ ಮಾಡಿದಳು. ಯುದ್ಧದ ಹಾಡಿನಲ್ಲಿ ಅವಳು ಬರೋದಿಲ್ಲ" ಅಂದರು ಅವರು. ಆಲ್ಬಂ ಅವರಿಗೆ ಇಷ್ಟವಾಗಲಿಲ್ಲ. ಆದರೆ ಕೊನೆಯ ವೃಂದಗಾನವನ್ನು ಎರಡು ಸಲ ಕೇಳಿದರು.

ಹಾಗಾದರೆ ಈ ಆಲ್ಬಂ ಕೇಳಬೇಕೋ ಬೇಡವೋ ಅಂತ ನೀವು ಕೇಳಬಹುದು. ಕೇಳಿ ಅಂತಲೇ ನಾನು ಹೇಳ್ತೀನಿ. ತಯಾರಿಕೆ ಅಚ್ಚುಕಟ್ಟು, ಇತಿಹಾಸದ ಓದು ಪ್ರಾಮಾಣಿಕ, ನಾಲ್ಕೈದು ಹಾಡು ನಿಜಕ್ಕೂ ಗಟ್ಟಿ. ಪೋಷಕರಿಗೆ ಒಂದು ಮಾತು: ಮೊಬೈಲ್ ಕಿತ್ತುಕೊಂಡರೆ ಪ್ರಯೋಜನ ಇಲ್ಲ, ಇಯರ್‌ಫೋನಿನ ಒಂದು ತುದಿ ಕೇಳಿ ತೆಗೆದುಕೊಳ್ಳಿ. ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ: ಹಾಡು ಮುಗಿದ ಮೇಲೆ ಇದರಲ್ಲಿ ಯಾರ ರುಖ್ಸತ್ ಇಲ್ಲ, ಯಾರ ಬೈನ್ ಇಲ್ಲ ಅಂತ ಎರಡು ಸಾಲು ಬರೆಯಿರಿ. ನನ್ನ ತರಗತಿಯಲ್ಲಿ ಇದನ್ನು ಮಾಡಿಸಿ ನೋಡಿದ್ದೇನೆ. ವೆರ್ಡನ್ ಹಾಡಿಗೆ ಒಬ್ಬಳು ‘ರೊಟ್ಟಿ ಸುಡುವವರು ಇಲ್ಲ’ ಅಂತ ಬರೆದಿದ್ದಳು.

ಇನ್ನು ಆ ಹುಡುಗ. ರೈಲು, ಕುದುರೆ, ಹಡಗು ಮೂರನ್ನೂ ಕೇಳಿ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಹಂಗಾದ್ರೆ ಪರೀಕ್ಷೆಯಲ್ಲಿ ಏನು ಬರೀಬೇಕು ಮಿಸ್?" ಅಂತ ಕೇಳಿದ. ಪುಸ್ತಕದಲ್ಲಿ ಇದ್ದದ್ದೇ ಬರಿ ಅಂದೆ, ಇನ್ನೇನು ಹೇಳಲಿ. ಒಂದು ವಾರ ಬಿಟ್ಟು ಮತ್ತೆ ಬಂದ. ಅವನ ದಾದಿ ರತ್ನಾಗಿರಿ ಕಡೆಯವರು. ವಿಚಾರಿಸಿದರೆ, ಅವರ ಅಜ್ಜ ಹಡಗಿನಲ್ಲಿ ಕಲ್ಲಿದ್ದಲು ಕೆಲಸಕ್ಕೆ ಹೋದವರು ವಾಪಸು ಬರಲಿಲ್ಲವಂತೆ. ಯಾವ ಹಡಗು, ಯಾವ ವರ್ಷ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಮಸ್ಜಿದ್ ಸ್ಟೇಷನ್ನಿನಲ್ಲಿ ಯಾವ ಕಡೆ ಇಳಿಯಬೇಕು ಮಿಸ್?" ಅಂದ. ಪೂರ್ವದ ಕಡೆ, ನಾನೂ ಬರ್ತೀನಿ ಅಂದೆ.